ಟೈರಿನೊಳಗೆ ಇರುವುದು ಯಾವ ಗಾಳಿ?

ಅನುಮಾನ ನನ್ನ ಹುಟ್ಟುಗುಣವಲ್ಲ, ಕೆಲಸದಿಂದ ಅಂಟಿಕೊಂಡದ್ದು. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಧಾತು, ಸಂಯುಕ್ತ, ಮಿಶ್ರಣ ಎಂದು ಪಾಠ ಹೇಳಿ ಹೇಳಿ, ಯಾರಾದರೂ ‘ಶುದ್ಧ’ ಎಂದರೆ ಸಾಕು, ನನ್ನ ಹುಬ್ಬು ತಾನಾಗಿ ಮೇಲೇರುತ್ತದೆ. ಮನೆಗೆ ಬರುವ ಹಾಲನ್ನು ನಾನು ‘ಮಿಶ್ರಣ’ ಎಂದೇ ಕರೆಯುವುದು. ಒಮ್ಮೆ ಹೆಂಡತಿ ಗಿರಿಜಾ, “ನನ್ನನ್ನ ಯಾವುದಕ್ಕೆ ಸೇರಿಸಿದೀರಿ?” ಎಂದು ಕೇಳಿದಳು. ಊಟದ ಹೊತ್ತು, ‘ಸಾರು ಚೆನ್ನಾಗಿದೆ’ ಎಂದೆ.

ಹೀಗಿರುವಾಗ ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ನಡೆಸುವ ಮಂಜುಳಾ, ನನ್ನ ಹಳೆಯ ವಿದ್ಯಾರ್ಥಿನಿ, ‘ಇಲ್ಲಿ ಟೈರಿಗೆ ನೈಟ್ರೋಜನ್ ತುಂಬಲಾಗುವುದು’ ಎಂದು ಬೋರ್ಡು ಹಾಕಿದಳು. ತರೀಕೆರೆಗೆ ಹೊರಟಿದ್ದವನು ಸ್ಕೂಟರ್ ನಿಲ್ಲಿಸಿದೆ.

“ಮಾಮೂಲಿ ಗಾಳೀಲೇ ನೂರಕ್ಕೆ ಎಪ್ಪತ್ತೆಂಟು ಪಾಲು ನೈಟ್ರೋಜನ್ ಇದೆಯಮ್ಮ. ನೀನು ಅದನ್ನೇ ತುಂಬ್ತಿಲ್ಲ ಅಂತ ಹೇಗೆ ನಂಬೋದು?” ಎಂದೆ, ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ.

ಸರದಿಗೆ ಕಾಯುತ್ತಿದ್ದ ಇಬ್ಬರು ಆಟೋದವರು ಮುಖ ಮುಖ ನೋಡಿಕೊಂಡರು. “ಮೇಷ್ಟ್ರೇ ಹಿಂಗಂತಾರೆ ಅಂದ್ರೆ ಏನೋ ಐತೆ ಕಣೋ” ಎಂದು ಗಾಡಿ ತಿರುಗಿಸಿಕೊಂಡು ಹೋಗಿಯೇಬಿಟ್ಟರು.

ಮಂಜುಳಾಳ ಮುಖ ಕೆಂಪಾಯಿತು. “ಪರೀಕ್ಷೆ ಮಾಡಿ ಸಾರ್. ಮಾಡದೆ ಏನೂ ಹೇಳಬಾರ್ದು ಅಂತ ಕಲಿಸಿದ್ದು ನೀವೇ ಅಲ್ವಾ?”

ಬೆಂಕಿಕಡ್ಡಿ ಗೀರಿ ನೈಟ್ರೋಜನ್ ಬರುವ ಪೈಪಿನ ಮುಂದೆ ಹಿಡಿದೆ. ಆರಿತು. “ಇದು ರಭಸಕ್ಕೆ ಆರಿದ್ದು, ನಾನು ಊದಿದ್ರೂ ಆರುತ್ತೆ” ಎಂದೆ. ಅವಳು ಎರಡು ಖಾಲಿ ನೀರಿನ ಬಾಟಲಿ ತಂದಳು. ಒಂದನ್ನು ಹಾಗೆಯೇ ಇಟ್ಟು, ಇನ್ನೊಂದರ ಬಾಯಿಗೆ ಪೈಪು ಹಿಡಿದು ಸ್ವಲ್ಪ ಹೊತ್ತು ನೈಟ್ರೋಜನ್ ಬಿಟ್ಟಳು. ದೇವರ ಪಟದ ಮುಂದಿದ್ದ ಊದುಬತ್ತಿ ತೆಗೆದು ನನ್ನ ಕೈಗಿಟ್ಟಳು. ಮೊದಲ ಬಾಟಲಿಯಲ್ಲಿ ಕೆಂಡ ಹಾಗೇ ಹೊಗೆಯಾಡಿತು. ಎರಡನೆಯದಕ್ಕೆ ಇಳಿಸಿದೆ, ಕಪ್ಪಾಯಿತು. ಮತ್ತೆ ಹಚ್ಚಿ ಇಳಿಸಿದೆ, ಮತ್ತೆ ಕಪ್ಪಾಯಿತು. ಆಮ್ಲಜನಕವಿಲ್ಲದೆ ಕೆಂಡ ಬದುಕುವುದಿಲ್ಲ. ಮೂರನೆಯ ಸಲ ಹಚ್ಚಲು ನನಗೇ ನಾಚಿಕೆಯಾಯಿತು.

“ತಪ್ಪಾಯ್ತಮ್ಮ.”

“ನಂಗೆ ಹೇಳಿದ್ರೆ ಏನ್ ಬಂತು ಸಾರ್? ಓಡಿಸಿಬಿಟ್ರಲ್ಲ, ಅವರಿಗೆ ಹೇಳಿ.”

ಆಟೋ ನಿಲ್ದಾಣಕ್ಕೆ ಹೋಗಿ, ಬಾಟಲಿ, ಕೆಂಡ, ಆಮ್ಲಜನಕ ಎಲ್ಲವನ್ನೂ ವಿವರಿಸಿ, “ಅವಳದು ಅಪ್ಪಟ ನೈಟ್ರೋಜನ್ ಕಣ್ರಪ್ಪಾ” ಎಂದೆ. ಇಬ್ಬರಲ್ಲಿ ಹಿರಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವನಿಗೆ ಗಟ್ಟಿಯಾಗಿಯೇ ಹೇಳಿದ: “ಅರ್ಧ ಗಂಟೇಲಿ ಮೇಷ್ಟ್ರು ಪಾರ್ಟಿ ಬದಲಾಯಿಸಿಬಿಟ್ರು ಕಣೋ. ನಂಗ್ಯಾಕೋ ಈಗ ಇವರ ಮೇಲೇ ಡೌಟು.” ಆಮೇಲೆ ನನ್ನತ್ತ ತಿರುಗಿ, “ನಡೀರಿ ಸಾರ್, ನಮ್ಮ ಕಣ್ಮುಂದೆ ಮಾಡಿ ತೋರ್ಸಿ. ಊದುಬತ್ತಿ ಮಾತ್ರ ನಮ್ದು” ಎಂದ.