ಫೌಜದಾರ ಸಾಹೇಬ್ರ ಬೂಟು, ನನ್ನ ನೌಕರಿ

ಅಂಜೋ ಮನಷ್ಯಾಗ ಇಂಥವು ಒಂದಾದ ಮ್ಯಾಲೊಂದು ಆಗತಾವ ನೋಡ್ರಿ. ಪೊಲೀಸ್ ಕೆಲಸಕ್ಕ ಸೇರಿದ ಹೊಸದಾಗಿ ನನ್ನ ಚಿತ್ತಾಪುರ ಕಡಿ ಒಂದು ಠಾಣಾಕ್ಕ ಹಾಕಿದ್ರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ಫೌಜದಾರ ಸಾಹೇಬ್ರು ಭಾಳ ಶೋಕಿ ಮನಷ್ಯಾ. ಎದುರಿಗಿ ಯಾರೇ ಬರ್ಲಿ, ಮೊದಲು ಅವರ ಕಾಲು ನೋಡಿ ಆಮ್ಯಾಲ ಮಾರಿ ನೋಡೋರು. ಅಂಥವರ ಬೂಟು ತಿಕ್ಕೋ ಕೆಲಸ ನನಗ ಬಂತು. ಬೂಟಿನ ಮ್ಯಾಲ ಒಂದು ಗೀರು ಬಿದ್ರೂ ಮನಿಗಿ ಕಳಸ್ತೀನಿ ಅಂತ ಮೊದಲ ದಿನವೇ ಹೇಳಿದ್ರು.

೧. ಮೂಗು

ಬೂಟಿನಾಗ ಅವರ ಮಾರಿ ಕಾಣಬೇಕು ಅಂತ ಹುಕುಂ ಆಗಿತ್ತು. ಪಾಲಿಶ್ ಹಚ್ಚಿ, ಉಗುಳು ಹಾಕಿ, ಹಳಿ ಧೋತರದ ಅರಬಿಲೆ ಎರಡು ತಾಸು ತಿಕ್ಕಿದೆ. ಸಾಹೇಬ್ರು ಬಗ್ಗಿ ನೋಡಿದ್ರು. ಬೂಟಿನ ತುದಿ ಗುಂಡಗ ಇರ್ತದಲ್ರಿ, ಅದರಾಗ ಮಾರಿ ಹೆಂಗ ಕಾಣಬೇಕು?

“ನನ್ನ ಮೂಗು ಇಷ್ಟು ದೊಡ್ಡದದ ಏನೋ?” ಅಂದ್ರು.

“ಇಲ್ರಿ ಸಾಹೇಬ್ರ, ನಾಳಿಗಿ ಇನ್ನೊಂದೀಟು ತಿಕ್ಕಿ ಸಣ್ಣದು ಮಾಡ್ತೀನ್ರಿ” ಅಂದೆ.

೨. ಕಲ್ಲಿನ ಧೂಳು

ಒಮ್ಮಿ ಶಹಾಬಾದ ಕಲ್ಲಿನ ಖಣಿ ಕಡಿ ಸಂತಿ ಬಂದೋಬಸ್ತ್ ಇತ್ತು. ಅಲ್ಲಿ ಹತ್ತು ಹೆಜ್ಜಿ ನಡದ್ರ ಕರಿ ಬೂಟು ಸುಣ್ಣದಾಗ ಅದ್ದಿ ತಗದಂಗ ಆಗ್ತಾವ. ಸಾಹೇಬ್ರು ನಿಂತಲ್ಲೆಲ್ಲ ನಾ ಕುಂತು ಒರಸಲಿಕತ್ತೆ. ಸಂತ್ಯಾಗ ಒಬ್ಬಾಕಿ ಮುದುಕಿ ಇದನ್ನ ನೋಡಿದಳು. ನಾ ಏನೋ ತಪ್ಪು ಮಾಡಿ ಕಾಲು ಹಿಡದೀನಿ ಅಂತ ತಿಳಕೊಂಡು ಸಾಹೇಬ್ರಿಗಿ ಕೈ ಮುಗದಳು. ಪಾಪ, ಹೊಟ್ಟಿಪಾಡಿನವ ಇದ್ದಾನ, ಬಿಟ್ಟುಬಿಡ್ರಿ ಅಂದಳು. ಮಂದಿ ಕೂಡಿತು. ಸಾಹೇಬ್ರು ಮೀಸಿ ತಿರುವಿ, “ಹೋಗು, ಈ ಸಲ ಬಿಟ್ಟೀನಿ” ಅಂದ್ರು.

ನಾನೂ ಅಂಜಿ, ಇನ್ನೊಮ್ಮಿ ಮಾಡಂಗಿಲ್ರಿ ಅಂದೆ.

೩. ಒಲಿ

ಹೊಸ ಠಾಣಾದ ಕಟ್ಟಡಕ್ಕ ಪೂಜಾ ಇತ್ತು. ಜಿಲ್ಲಾದ ದೊಡ್ಡ ಸಾಹೇಬ್ರು ಬರೋರಿದ್ರು. ಹಿಂದಿನ ದಿನ ಚಿಂಚೋಳಿ ಕಡಿ ಹೋಗಿ ಬರೋದ್ರಾಗ ಮಳಿ ಹಿಡದು ನಮ್ಮ ಸಾಹೇಬ್ರ ಬೂಟು ತೊಯ್ದು ತೊಪ್ಪಡಿ ಆದವು. ತೊಯ್ದ ಚರ್ಮಕ್ಕ ಬೆಂಕಿ ತೋರಸಬಾರದು, ಒಳಗ ಕಾಗದ ತುರುಕಿ ನೆರಳಿನಾಗ ಇಡಬೇಕು. ಇದು ನನಗ ಗೊತ್ತಿತ್ತು. ಆದ್ರ ಮುಂಜಾನಿತನಕ ಒಣಗಲಿಲ್ಲಂದ್ರ ನನ್ನ ಗತಿ ಏನು ಅಂತ ಅಂಜಿ ಒಲಿ ಮುಂದ ಇಟ್ಟೆ.

ಮುಂಜಾನಿ ನೋಡಿದ್ರ ಎರಡೂ ಬೂಟು ತೆಂಗಿನ ಚಿಪ್ಪಿನಂಗ ಗಟ್ಟಿಯಾಗಿ ಒಂದು ಬೆರಳು ಗಿಡ್ಡ ಆಗಿದ್ದವು. ಔಡಲ ಎಣ್ಣಿ ಹಚ್ಚಿ, ಮ್ಯಾಲ ಪಾಲಿಶ್ ಬಡದೆ. ಹೊಳಪು ಮಾತ್ರ ಫಸ್ಟ್ ಕ್ಲಾಸ್. ಸಾಹೇಬ್ರ ಕಾಲು ಒಳಗ ಹೋಗವಲ್ಲದು.

ಇದೇನೋ ಅಂತ ಕೇಳಿದ್ರು.

“ಮಳ್ಯಾಗ ತೊಯ್ದು ನಿಮ್ಮ ಕಾಲು ಬಾತಾವ್ರಿ” ಅಂದೆ.

ಪಾಪ, ನಂಬಿದ್ರು. ಹಿಮ್ಮಡಿಗಿ ಚಮಚಾ ಹಚ್ಚಿ ಇಬ್ಬರೂ ಕೂಡಿ ಕಾಲು ತುರುಕಿದ್ವಿ.

೪. ಹೊಸ್ತಿಲು

ಪೂಜಾದ ಜಾಗಾಕ್ಕ ಬೂಟು ಹಾಕ್ಕೊಂಡು ಹೋಗ್ತಾರೇನ್ರಿ? ಇದೊಂದು ನನಗ ಹೊಳದೇ ಇರಲಿಲ್ಲ. ದೊಡ್ಡ ಸಾಹೇಬ್ರು ಹೊಸ್ತಿಲದಾಗ ಬೂಟು ಬಿಚ್ಚಿ ಒಳಗ ಹೋದ್ರು. ಎಲ್ಲಾರೂ ಬಿಚ್ಚಿದ್ರು. ನಮ್ಮ ಸಾಹೇಬ್ರು ಬಗ್ಗಿ ಜಗ್ಗಿದ್ರು, ಬರಲಿಲ್ಲ. ಗ್ವಾಡಿ ಹಿಡದು ಜಗ್ಗಿದ್ರು, ಬರಲಿಲ್ಲ. ನನ್ನ ಕಡಿ ಒಂದು ಸಲ ನೋಡಿದ್ರು ನೋಡ್ರಿ, ನನ್ನ ನೌಕರಿ ಅಲ್ಲೇ ಹೋತು ಅಂದ್ಕೊಂಡೆ.

ಯಾಕ ಹೊರಗ ನಿಂತಿ ಅಂತ ಒಳಗಿಂದ ದೊಡ್ಡ ಸಾಹೇಬ್ರು ಕೇಳಿದ್ರು.

“ಬಂದೋಬಸ್ತ್ ಸರ್” ಅಂತ ನಮ್ಮವರು ಟಪ್ಪಂತ ಸೆಲ್ಯೂಟ್ ಹೊಡದ್ರು.

ದೊಡ್ಡ ಸಾಹೇಬ್ರಿಗಿ ಭಾಳ ಖುಷಿ ಆತು. ದೇವರ ಪೂಜಾ ಬಿಟ್ಟು ಕರ್ತವ್ಯ ಮಾಡೋ ಮನಷ್ಯಾ ಅಂತ ಎಲ್ಲಾರ ಮುಂದ ಹೊಗಳಿದ್ರು.

ಎಲ್ಲಾರೂ ಹೋದ ಮ್ಯಾಲ ಸಾಹೇಬ್ರನ್ನ ಬೆಂಚಿನ ಮ್ಯಾಲ ಕುಂದ್ರಿಸಿ, ಎಣ್ಣಿ ಬಿಟ್ಟು, ಜಗ್ಗಿ ಬೂಟು ತಗದೆ. ಅಳಕೋತ ಒಲಿ ಸುದ್ದಿ ಪೂರಾ ಹೇಳಿದೆ. ಸಾಹೇಬ್ರು ಕಾಲಿನ ಬೆರಳು ನೀವಿಕೊಂಡ್ರು. ಆಮ್ಯಾಲ ಸಣ್ಣ ದನಿ ಮಾಡಿ, “ಯಾರ ಮುಂದೂ ಹೇಳಬ್ಯಾಡ. ದೊಡ್ಡ ಸಾಹೇಬ್ರಿಗಿ ಗೊತ್ತಾದ್ರ ನಿನಗಿಂತ ಮೊದಲು ನಾ ಹೋಗ್ತೀನಿ” ಅಂದ್ರು. ಅವರಿಗೂ ಅಂಜಿಕಿ ಅದ ಅಂತ ಅವತ್ತೇ ನನಗ ಗೊತ್ತಾತು.

ವಾರದಾಗ ದೊಡ್ಡ ಸಾಹೇಬ್ರ ಹುಕುಂ ಬಂತು. ಇನ್ನ ಮುಂದ ಸೇಡಂ ಇರ್ಲಿ, ವಾಡಿ ಇರ್ಲಿ, ಇಲಾಖೆದ ಯಾವ ಪೂಜಾ ಆದ್ರೂ ಹೊರಗಿನ ಬಂದೋಬಸ್ತ್ ಈ ಫೌಜದಾರರದೇ. ಪ್ರಸಾದ ಹಂಚೋ ತನಕ ಜಾಗಾ ಬಿಡಬಾರದು. ಸಂಗಟ ಒಬ್ಬ ನಂಬಿಗಸ್ತ ಸಿಪಾಯಿನ್ನ ಇಟ್ಕೋಬೇಕು, ಅವನ ನೌಕರಿ ಕಾಯಂ ಮಾಡಲಾಗ್ತದ.

ಸಾಹೇಬ್ರು ಅದನ್ನ ಎರಡು ಸಲ ಓದಿದ್ರು. ಹಲ್ಲು ಕಡಕೋತ ನನ್ನ ಹೆಸರು ಬರದ್ರು.