ಕೆಂಪು ಗೋಡೆಯ ಟೇಕ್‌ಅವೇ

ಗೋಡೆ ಕಣ್ಣಿಗೆ ಹೊಡೆಯುವಂತಿದ್ದರೆ ಗಿರಾಕಿ ತಾನಾಗಿ ಒಳಗೆ ಬರುತ್ತಾನೆ ಎಂದು ಆಗ ಎಲ್ಲರೂ ನಂಬಿದ್ದರು. ಎರಡು ಸಾವಿರ ಇಸವಿಯ ಆಚೀಚೆಯ ವರ್ಷಗಳು. ಮೆಲ್ಬರ್ನ್‌ನಲ್ಲಿ ನಮ್ಮವರು ಹೋಟೆಲ್ ತೆರೆದರೆ ಅಡುಗೆಯವರಿಗಿಂತ ಮೊದಲು ಬಣ್ಣ ಹುಡುಕುತ್ತಿದ್ದರು. ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಏಣಿ ಹಿಡಿಯಲು ಜನ ಬೇಕಾದಾಗ ಅವೇ ಫೋನ್ ಮಾಡುತ್ತವೆ.

ಈ ಸಲ ಫೋನ್ ಮಾಡಿದ್ದು ನನ್ನ ನೆರೆಮನೆಯ ಮಂಗಳೂರಿನ ದಂಪತಿ. ಹೆಂಡತಿ ವೇರ್‌ಹೌಸ್ ಕೆಲಸ ಬಿಟ್ಟು, ಊಟ ಕಟ್ಟಿಕೊಡುವ ಪುಟ್ಟ ಟೇಕ್‌ಅವೇ ತೆರೆಯುವವರಿದ್ದರು. ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವ ಗಂಡನ ಷರತ್ತು ಒಂದೇ: ಕ್ರಿಸ್‌ಮಸ್‌ನೊಳಗೆ ಅಂಗಡಿ ಕುದುರದಿದ್ದರೆ ಬೀಗ, ಆಕೆ ಮತ್ತೆ ವೇರ್‌ಹೌಸಿಗೆ.

೧. ಬೋಲ್ಡ್

ಆಕೆಯ ತಮ್ಮ ಸಿಡ್ನಿಯಿಂದ ಬಂದಿಳಿದ. ಅಲ್ಲಿನ ನಾರ್ವೆಸ್ಟ್ ಬಡಾವಣೆಯಲ್ಲಿ ಆಫೀಸುಗಳ ಇಂಟೀರಿಯರ್ ಮಾಡುವವನು.

"ಭಾವ, ಬೋಲ್ಡ್ ಆಗಿರ್ಬೇಕು. ಕೆಂಪು ಕಂಡ್ರೆ ಹಸಿವಾಗ್ತದೆ. ಸೈನ್ಸ್ ಇದು."

"ನಿನ್ನ ಆಫೀಸುಗಳೆಲ್ಲ ಯಾವ ಬಣ್ಣ?" ಎಂದೆ.

"ಬೂದು."

"ಅಲ್ಲಿ ಯಾರೂ ಊಟ ಮಾಡಲ್ವಾ?"

ಅವನು ಏಣಿ ಸರಿಸಿದ. ಗೋಡೆ ಕೆಂಪಾಯಿತು, ಚಾವಣಿ ಕಪ್ಪಾಯಿತು. ಮೊದಲು ಓಡಿ ಬಂದವರು ಪಕ್ಕದ ಔಷಧಿ ಅಂಗಡಿಯವರು. ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರು.

೨. ಕನ್ನಡಿ

ಅಂಗಡಿ ದೊಡ್ಡದಾಗಿ ಕಾಣಲೆಂದು ಒಂದು ಗೋಡೆಗೆ ಪೂರ್ತಿ ಕನ್ನಡಿ ಬಂತು. ಮೊದಲ ಶನಿವಾರ ಗಂಡ, ತಮ್ಮ, ನಾನು ಕಾಯುತ್ತ ನಿಂತಿದ್ದೆವು. ಒಂದು ಸಂಸಾರ ಗಾಜಿನಿಂದ ಇಣುಕಿತು, ಆರು ಜನರ ಕ್ಯೂ ನೋಡಿತು, ಮೀನು ಕರಿಯುವ ಅಂಗಡಿಗೆ ಹೋಯಿತು.

"ಹೊರಗೆ ಹೋಗಿ ಮಾರಾಯ್ರೆ, ಎಲ್ಲ ಹೊರಗೆ!" ಎಂದರು ಗಂಡ.

ಫುಟ್‌ಪಾತಿನಲ್ಲಿ ನಿಂತೆವು. ಆಮೇಲೆ ಬಂದವರು ಕ್ಯೂ ಬೀದಿಗೆ ಬಂದಿದೆ ಎಂದುಕೊಂಡು ವಾಪಸ್ ಹೋದರು.

೩. ಆಶೀರ್ವಾದ

ಇನ್ನು ದೇವರೇ ಗತಿ ಎಂದು ಚರ್ಚಿನ ಫಾದರ್ ಅವರನ್ನು ಕರೆಸಿದರು. ಆಕೆಯ ತಮ್ಮ ನೆಲದೊಳಗೆ ಕರೆಂಟಿನ ದೀಪಗಳನ್ನು ಕೂರಿಸಿದ್ದ, ಅದೂ ಬೋಲ್ಡ್. ಫಾದರ್ ಪವಿತ್ರ ನೀರು ಚಿಮುಕಿಸಿದರು. ನೆಲ ಚಟ್ಟೆಂದಿತು, ಇಡೀ ಅಂಗಡಿ ಕತ್ತಲು.

ಒಳಗಿನಿಂದ ಆಕೆಯ ದನಿ: "ಗ್ಯಾಸ್ ಉಂಟು ಫಾದರ್. ಕೋಳಿ ಸುಕ್ಕ ರೆಡಿ."

"ದೇವರು ಅಡುಗೆಮನೆ ತನಕ ಮಾತ್ರ ಬಂದ ಹಾಗೆ ಕಾಣ್ತದೆ," ಎಂದು ಫಾದರ್ ಗೋಡೆ ತಡವುತ್ತ ಅತ್ತ ನಡೆದರು.

೪. ಫೋಟೋ

ಆಮೇಲೆ ವಿಚಿತ್ರವಾಯಿತು. ಗಂಡ ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಪಾತ್ರೆಗಳೆಲ್ಲ ಖಾಲಿ.

"ನೋಡಿ, ಕೆಂಪು ಕೆಲಸ ಮಾಡ್ತಾ ಉಂಟು!"

ಆಕೆ ಪಾತ್ರೆ ತಿಕ್ಕುತ್ತಲೇ ಇದ್ದರು. ಗಂಡ ಎರಡನೇ ಅಂಗಡಿಯ ಮಾತೆತ್ತಿದರು. ಅದು ನೀಲಿಯಂತೆ.

ಕ್ರಿಸ್‌ಮಸ್ ಹತ್ತಿರವಾದಾಗ ತಮ್ಮ ಕ್ಯಾಮೆರಾ ಹಿಡಿದು ಬಂದ. ಗೋಡೆಯ ಮುಂದೆ ಒಬ್ಬ ಗಿರಾಕಿ ನಿಂತ ಫೋಟೋ ಬೇಕು. ಕಾದೆವು. ಯಾರೂ ಬರಲಿಲ್ಲ. ಗಂಡ ಕೌಂಟರ್‌ನಿಂದ ಬಾಗಿಲಿಗೆ, ಬಾಗಿಲಿನಿಂದ ಕೌಂಟರ್‌ಗೆ ತಿರುಗಿದರು. ಕನ್ನಡಿಯಲ್ಲಿ ಇನ್ನೊಬ್ಬರೂ ತಿರುಗಿದರು.

"ಎಂತ ಇದು? ಗಿರಾಕಿ ಎಲ್ಲಿ? ಹೀಗಾದ್ರೆ ನೀನು ವೇರ್‌ಹೌಸಿಗೇ!"

"ಎಷ್ಟು ಜನ ಬೇಕು?" ಎಂದು ಆಕೆ ಅಡುಗೆಮನೆಗೆ ಹೋಗಿ, ಹುಬ್ಬಳ್ಳಿ ಕಡೆಯ ಒಬ್ಬ ಆಂಟಿಯನ್ನು ಕರೆತಂದರು. ಆಂಟಿಯ ಕೈಯಲ್ಲಿ ಪಾತ್ರೆಯ ಮುಚ್ಚಳ ಇನ್ನೂ ಇತ್ತು.

"ಆಂಟಿ, ನೀವು ಈ ಗೋಡೆ ನೋಡಿಯೇ ಬರೋದಲ್ವಾ?" ಎಂದ ತಮ್ಮ.

ಆಂಟಿ ಸುತ್ತ ನೋಡಿದರು. ಮೊದಲ ತಿಂಗಳಿಂದ ವಾರ ತಪ್ಪದೆ ಬರುವವರು.

"ಯವ್ವಾ! ಈ ಅಂಗಡಿಗೆ ಮುಂದೂ ಒಂದ್ ಬಾಗ್ಲಾ ಐತೇನ್ರಿ? ಹಿಂದ್ ಇನ್ನೂ ಎಂಟ್ ಮಂದಿ ನಿಂತಾರ, ಲಗೂ ಬಿಡ್ರಿ."

ಗಂಡ ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಆಕೆ ಸೌಟು ಹಿಡಿದು ಒಳಗೆ ಹೋದರು. ವೇರ್‌ಹೌಸಿಗೆ ಮತ್ತೆ ಹೋಗಲಿಲ್ಲ.

ಕಾರ್ ಪಾರ್ಕ್ ಹಿಂದುಗಡೆ, ಅಡುಗೆಮನೆಯ ಬಾಗಿಲಲ್ಲೇ ಇತ್ತು.