ಪಂಚನಾಮೆ ಬರೆದು ಆಟ ಆಡುವ ಮಾಮಾ

ನಮ್ಮ ಮಾಮಾ ಒಡೆದಷ್ಟು ಬೀಗಗಳನ್ನು ಚಿಕ್ಕೋಡಿ, ರಾಯಬಾಗ, ಅಥಣಿ ಮೂರೂ ಕಡೆಯ ಕಳ್ಳರು ಕೂಡಿಯೂ ಒಡೆದಿರಲಿಕ್ಕಿಲ್ಲ. ವ್ಯತ್ಯಾಸ ಇಷ್ಟೇ: ಕಳ್ಳರು ಒಳಹೊಕ್ಕು ಪಟ್ಟಿ ಬರೆಯುವುದಿಲ್ಲ, ಇವನು ಬರೆಯುತ್ತಿದ್ದ. ಕೋರ್ಟಿನ ಬೇಲೀಫ! ಯಾವ ಕೋರ್ಟು ಎಂದು ಕೇಳಬೇಡಿ, ಹೇಳಿದರೆ ನನಗೇ ನೋಟೀಸು ಬಂದೀತು. ಆದೇಶ ತೋರಿಸು, ಬೀಗ ಒಡೆ, ಒಳಗಿರುವ ಸಾಮಾನು ಬರೆ, ಸಾಕ್ಷಿಗೆ ನಿಂತ ಪಂಚರ ಸಹಿ ಹಾಕಿಸು, ಹೊಸ ಬೀಗ ಜಡಿದು ಅರಗಿನ ಮುದ್ರೆ ಒತ್ತು. ಮೂವತ್ತು ವರ್ಷ ಇದೇ ಕೆಲಸ.

ಇಂಥವನು ನಿವೃತ್ತನಾಗಿ ಚಿಕ್ಕೋಡಿಯ ಮನೆಯಲ್ಲಿ ಕುಳಿತರೆ ಏನು ಮಾಡಬೇಕು? ನಾನಾಗ ನಿಪ್ಪಾಣಿಯಲ್ಲಿ ಲಗ್ನಪತ್ರಿಕೆ ತಯಾರಿಸುವ ಅಂಗಡಿಯಲ್ಲಿದ್ದೆ. ಅಂಗಡಿಯವರು ಮೂಲೆಗೆಸೆದ ಕಂಪ್ಯೂಟರನ್ನು ಬಸ್ಸಿನಲ್ಲಿ ಹೇರಿಕೊಂಡು ಹೋಗಿ, ಅದರಲ್ಲೊಂದು ಆಟ ಹಾಕಿಕೊಟ್ಟೆ. ಮುಚ್ಚಿದ ಕೋಣೆಯ ಚಿತ್ರ. ಮೌಸಿನಿಂದ ಅಲ್ಲಿ ಇಲ್ಲಿ ಒತ್ತಿ, ಸಿಕ್ಕ ವಸ್ತುಗಳಿಂದ ಒಗಟು ಬಿಡಿಸಿ ಹೊರಬರಬೇಕು. ಮಂದಿಯ ಬೀಗ ಒಡೆದವನನ್ನು ಒಳಗೆ ಕೂಡಿಹಾಕಿದ ಖುಷಿ ನನಗೆ! ಆ ಖುಷಿಗೆ ಕಾರಣವಿತ್ತು, ಹೇಳುತ್ತೇನೆ.

ಮಾಮಾ ಮೌಸು ಮುಟ್ಟಲಿಲ್ಲ. ಕಾಗದ ತೆಗೆದ.

"ಕುರ್ಚಿ ಒಂದು, ಕಾಲು ಮುರಿದದ್ದು. ಹೂಜಿ ಒಂದು, ತುಂಬಿದೆಯೋ ಖಾಲಿಯೋ ತಿಳಿಯದು..."

ಪಂಚರಾಗಿ ಮಾಮಿ ಮತ್ತು ಪಕ್ಕದ ಮನೆಯ ಮಾಸ್ತರರು.

"ಸಹಿ ಎಲ್ಲಿ ಮಾಡ್ಲಿ, ಲಗೂ ಹೇಳ್ರಿ. ಒಲಿ ಮ್ಯಾಲ ಹಾಲ ಐತಿ!" ಎಂದಳು ಮಾಮಿ.

"ಆ ಹಾಲೂ ಬರಕೋಳ್ರಿ," ಎಂದರು ಮಾಸ್ತರರು.

ಬರೆಯದೆ ಒಂದು ಗುಂಡಿಯನ್ನೂ ಒತ್ತುವವನಲ್ಲ. ಆಮೇಲೆ ತಂದುಕೊಟ್ಟ ಇಂಥದೇ ಒಂದು ಆಟದಲ್ಲಿ ಕೀಲಿಕೈ ಜಮಖಾನೆಯದೇ ಬಣ್ಣ, ಸಾಸಿವೆ ಗಾತ್ರ. ಪರದೆಯ ತುಂಬ ಕುರುಡರಂತೆ ಒತ್ತುತ್ತ ಹೋದರೆ ಮಾತ್ರ ಸಿಗುತ್ತದೆ. ನಾನು ಹಾಗೇ ಒತ್ತಿ ತೋರಿಸಿದೆ. ಮಾಮಾ ಉರಿದುಬಿದ್ದ.

"ಇದು ಒಗಟಲ್ಲಬೇ, ಕಣ್ಣಿನ ತಪಾಸಣಿ! ತಡಕಾಡಿ ಸಿಕ್ಕದ್ದು ಸಿಕ್ಕಂಗಲ್ಲ."

ಇನ್ನೊಂದರಲ್ಲಿ ನಿಂತ ಗಡಿಯಾರಕ್ಕೆ ಬಾಳೆಹಣ್ಣು ತುರುಕಿದರೆ ಬಾಗಿಲು ತೆರೆಯುತ್ತಿತ್ತು.

"ನಾ ಹಿಂಗ ವರದಿ ಕೊಟ್ಟಿದ್ರ ಸಾಹೇಬ್ರು ನನಗ ಹುಚ್ಚರ ದವಾಖಾನಿ ತೋರಸ್ತಿದ್ರು!"

"ಮಾಮಾ, ಆಟ ಅದು."

"ಆಟಕ್ಕ ನ್ಯಾಯ ಬ್ಯಾಡೇನ?"

ಅವನು ಮೆಚ್ಚಿದ ಆಟ ಒಂದೇ. ನಾಲ್ಕು ದಿನ ಸಿಕ್ಕಿಬಿದ್ದಿದ್ದ. ಐದನೇ ದಿನ ಸ್ನಾನದ ನಡುವೆ, ಕಿವಿಯಲ್ಲಿ ಸಾಬೂನಿನ ನೊರೆಯೊಂದಿಗೆ ಓಡಿಬಂದು ಪರದೆಯ ಮೇಲಿನ ಬಣ್ಣದ ಗಾಜಿನ ಖಾಲಿ ಹೂಜಿಯನ್ನು ಅಲ್ಲಿನ ಕಿಟಕಿಯ ಬಿಸಿಲಿಗೆ ಹಿಡಿದ. ಗೋಡೆಯ ಮೇಲೆ ಅಂಕಿಗಳು ಮೂಡಿದವು. ಹಣೆ ಹಣೆ ಬಡಿದುಕೊಂಡ: "ನಂದ ತಪ್ಪು! ಪಟ್ಟ್ಯಾಗ ಇತ್ತು, ಓದಿರಲಿಲ್ಲ!" ಇಷ್ಟು ಸಂತೋಷದಿಂದ ತಪ್ಪೊಪ್ಪಿಕೊಂಡವರನ್ನು ಅವನ ಕೋರ್ಟೂ ಕಂಡಿರಲಿಕ್ಕಿಲ್ಲ.

"ಆಟ ಕಠಿಣ ಇರ್ಲಿಬೇ. ಸೋತ್ರ ಸಿಟ್ಟು ನಮ್ಮ ಮ್ಯಾಲ ಬರಬೇಕು, ಕಟ್ಟಿದವನ ಮ್ಯಾಲ ಬರಬಾರದು. ಹೊರಗ ಬರೂ ದಾರಿ ಇಡದವ ಖೋಲಿ ಕಟ್ಟಬಾರದು."

ಯಾರು ಹೇಳುತ್ತಿದ್ದಾನೆ ನೋಡಿ!

ನಾನು ಏಳನೇ ಇಯತ್ತೆಯಲ್ಲಿದ್ದಾಗ ನಮ್ಮ ಬಾಡಿಗೆ ಮನೆಯ ಮಾಲೀಕ, ಬಾಕಿಗಾಗಿ ಮನೆ ಖಾಲಿ ಮಾಡಿಸಿ ಸಾಮಾನು ಜಪ್ತಿ ಮಾಡುವ ಆದೇಶ ತಂದ. ಬೀಗ ಜಡಿಯಲು ಬಂದವನು ಇದೇ ಮಾಮಾ. ಸ್ವಂತ ತಂಗಿಯ ಮನೆ! ಬೇರೆಯವರನ್ನು ಕಳಿಸಿರಿ ಎನ್ನಲಿಲ್ಲ. ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿ, ಪಟ್ಟಿ ಬರೆದು, ಅರಗು ಕಾಯಿಸಿ ಮುದ್ರೆ ಒತ್ತಿದ. ಜಂಪರು ಹೊಲಿದು ಮನೆ ನಡೆಸುತ್ತಿದ್ದ ಅವ್ವನ ಮಷೀನೂ ಒಳಗೇ ಉಳಿಯಿತು. ಆ ದಿನ ಮಳೆ ಇತ್ತೆಂದು ಬರೆಯಲು ಕೈ ತುರಿಸುತ್ತದೆ. ಇರಲಿಲ್ಲ. ಇತ್ತೇನೋ. ನನ್ನ ನೆನಪಿಗೆ ಯಾವ ಪಂಚರೂ ಸಹಿ ಹಾಕಿಲ್ಲ. ಮುಂದೆ ವರ್ಷಗಟ್ಟಲೆ ಅವ್ವ ಎಲ್ಲಿಂದಲೋ ತಂದ ಕಾಲಿಲ್ಲದ ಮಷೀನನ್ನು ಕಟ್ಟಿಗೆಯ ಪೆಟ್ಟಿಗೆಯ ಮೇಲಿಟ್ಟು, ಕೈಯಿಂದ ತಿರುಗಿಸುತ್ತ ಹೊಲಿದಳು. ಅದನ್ನೂ ಮಾಮಾನ ಪಾಪಕ್ಕೇ ಸೇರಿಸಿದೆ.

ಅವ್ವ ಅವನಿಗೆ ಹಬ್ಬಕ್ಕೆ ಹೋಳಿಗೆ ಕಳಿಸುತ್ತಲೇ ಇದ್ದಳು. ನಾನು ಒಂದೇ ಮಾತಿಗೆ ಕಾದೆ: 'ತಪ್ಪಾಯಿತು.' ಹೂಜಿಯ ವಿಷಯಕ್ಕೆ ಹಣೆ ಬಡಿದುಕೊಂಡವನು ನಮ್ಮ ವಿಷಯಕ್ಕೆ ತುಟಿ ಬಿಚ್ಚಲಿಲ್ಲ.

ಆದ್ದರಿಂದ ನಾನೇ ಒಂದು ಆಟ ಕಟ್ಟಿದೆ. ಆರು ತಿಂಗಳು, ಪೂರಾ ದ್ವೇಷದಿಂದ! ಆ ಮನೆಯದೇ ಚಿತ್ರ: ಗೂಡು, ಮಷೀನು, ನನ್ನ ಪಾಟಿಚೀಲ, ಮುದ್ರೆ ಬಿದ್ದ ಬಾಗಿಲು. ಹೊರಬರುವ ದಾರಿ? ಇಡಲಿಲ್ಲ. ಕೂಡು ಮಾಮಾ, ಒಳಗೇ ಕೂಡು.

ಅವನಿಗೆ ನೋಡಿದ ಕೂಡಲೇ ತಿಳಿಯಿತು. ಕನ್ನಡಕ ಒರೆಸಿಕೊಂಡು ಪಟ್ಟಿ ಬರೆದ. ಮಾಮಿ ಪೆನ್ನು ಹಿಡಿದು ಬಂದಳು: "ನಾ ಸಹಿ ಮಾಡ್ಲ್ಯೇನ್ರಿ?"

"ಬ್ಯಾಡ." ಪಟ್ಟಿಯನ್ನು ಮತ್ತೊಮ್ಮೆ ಓದಿ ಕೇಳಿದ: "ಹಿತ್ತಲ ಗ್ವಾಡ್ಯಾಗಿನ ಕಿಟಕಿ ಎಲ್ಲಿಬೇ?"

"ಅಲ್ಲಿ ಕಿಟಕಿ ಇರಲಿಲ್ಲ."

"ಇತ್ತು. ಅದರ ಅಗಳಿ ನಾನ ತಗದಿದ್ದೆ. ಪಟ್ಟ್ಯಾಗ ಮಷೀನಿನ ಸ್ಟ್ಯಾಂಡ್ ಅಷ್ಟ ಬರದೆ, ಮ್ಯಾಲಿನ ತಲಿ ಬರೀಲಿಲ್ಲ. ಕಿಟಕ್ಯಾಗಿಂದ ನಿಮ್ಮವ್ವ ತಲಿ ಅಷ್ಟ ಒಯ್ದಳು, ಸ್ಟ್ಯಾಂಡ್ ಹಿಡೀತಿದ್ದಿಲ್ಲ. ಬ್ಯಾರೆದವ್ರು ಬಂದಿದ್ರ ತಲೀನೂ ಬರಕೋತಿದ್ರು."

"ಗೊತ್ತಾಗಿದ್ರ ನೌಕರಿ ಹೋಗತಿತ್ತಲ್ರಿ!" ಮಾಮಿ ಬಾಯಿಗೆ ಸೆರಗು ಹಿಡಿದಳು. "ನನಗೂ ಹೇಳಲಿಲ್ಲ, ಎಂಥಾ ಮನಶ್ಯಾರಿ ನೀವು!"

ಕಾಲಿಲ್ಲದ ಮಷೀನು. ಅಷ್ಟು ವರ್ಷ ಕಣ್ಣೆದುರಿಗೇ ಟಕಟಕ ಎನ್ನುತ್ತಿತ್ತು. ಪಟ್ಟಿಯಲ್ಲಿತ್ತು, ಓದಿರಲಿಲ್ಲ.

ಆ ಕಿಟಕಿ ನನಗೆ ಇವತ್ತಿಗೂ ನೆನಪಾಗುವುದಿಲ್ಲ. ನೆನಪಿರುವುದು ಅರಗಿನ ವಾಸನೆ. ಸಿಟ್ಟು ಅಲ್ಲಿಗೇ ಕರಗಿತೆಂದು ಬರೆದರೆ ಚೆಂದವಾದೀತು, ಪೂರ್ತಿ ಕರಗಿಲ್ಲ.

ತಲೆಯೆತ್ತಿದಾಗ ಮಾಮಾ ಪರದೆಯ ಬೋಳು ಗೋಡೆಯ ಮೇಲೆ ಒತ್ತುತ್ತಿದ್ದ. ಅದೇ ಜಾಗ. ಮತ್ತೆ. ಮತ್ತೆ. ತಡಕಾಟವೆಂದರೆ ಉರಿದುಬೀಳುವವನು!

"ಮಾಮಾ, ಅಲ್ಲಿ ಏನೂ ಇಲ್ಲ."

"ಗೊತ್ತೈತಿ." ಕೈ ನಿಲ್ಲಲಿಲ್ಲ.

ಕುರ್ಚಿ ಎಳೆದುಕೊಂಡು ಪಕ್ಕ ಕುಳಿತೆ. "ಕಿಟಕಿ ಎಷ್ಟು ಎತ್ತರಕ್ಕಿತ್ತು, ತೋರಸು. ಚಿತ್ರ ಬಿಡಸ್ತೀನಿ."

ಪರದೆಯ ಮೇಲೆ ಬೆರಳಿಟ್ಟ. ಆಮೇಲೆ ಆ ಬೆರಳನ್ನು ಮೆಲ್ಲಗೆ ಕೆಳಗಿಳಿಸಿದ.

"ಹೊರಗ, ಇಲ್ಲಿ, ಎರಡು ಕಲ್ಲೂ ಬಿಡಸು. ನಾನ ಇಟ್ಟಿದ್ದೆ," ಎಂದ. "ನಿಮ್ಮವ್ವ ಗಿಡ್ಡಾಕಿ."